ಐವತ್ತು ಕ್ಯಾಸೆಟ್, ಒಂದು ಬೀದಿ ಅಂಗಡಿ: ಅಟಾ ಕಾಕ್ ಹಾಡು ಜಗತ್ತಿಗೆ ಸಿಕ್ಕಿದ ಕಥೆ

1994ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಒಂದು ಕ್ಯಾಸೆಟ್ ಬಂತು. ಹೆಸರು ‘ಒಬಾ ಸಿಮಾ’. ಒಟ್ಟು ಏಳು ಹಾಡು. ಮಾಡಿಸಿದ್ದು ಸುಮಾರು 50 ಪ್ರತಿ ಮಾತ್ರ. ಹಿಂದೆ ಯಾವ ದೊಡ್ಡ ಕಂಪನಿಯೂ ಇರಲಿಲ್ಲ. ಹಾಡು ಕಟ್ಟಿದವರು, ಸಂಗೀತ ಕೂಡಿಸಿದವರು, ಮನೆಯಲ್ಲೇ ರೆಕಾರ್ಡ್ ಮಾಡಿದವರು, ಕೈಯಿಂದ ದುಡ್ಡು ಹಾಕಿದವರು ಎಲ್ಲ ಒಬ್ಬರೇ. ಹೆಸರು ಅಟಾ ಕಾಕ್.

ಕ್ಯಾಸೆಟ್ ಓಡಲಿಲ್ಲ.  ಹಾಡಿದವರು ಸಂಗೀತ ಬಿಟ್ಟು ತಮ್ಮ ಬದುಕು ನೋಡಿಕೊಂಡರು.

2015ರಲ್ಲಿ ಅದೇ ಏಳು ಹಾಡು ಅಮೆರಿಕದ ಒಂದು ಸಣ್ಣ ಕಂಪನಿಯಿಂದ ಮತ್ತೆ ಹೊರಬಂದವು. 2016ರಲ್ಲಿ ಅಟಾ ಕಾಕ್ ಯುರೋಪಿನ ವೇದಿಕೆಗಳ ಮೇಲೆ ನಿಂತು ಅವನ್ನು ಹಾಡಿದರು. ಟ್ವಿ ಭಾಷೆಯ ಒಂದು ಪದವೂ ಗೊತ್ತಿಲ್ಲದ ಹುಡುಗರು ಕೆಳಗೆ ಕುಣಿಯುತ್ತಿದ್ದರು.

ನಡುವಿನ 21 ವರ್ಷ ಆ ಹಾಡುಗಳು ಎಲ್ಲಿದ್ದವು? ಯಾರ ಕೈಯಲ್ಲಿದ್ದವು? ಅದರಿಂದ ಬಂದ ಹೆಸರು, ದುಡ್ಡು ಯಾರಿಗೆ ಸೇರಬೇಕು? ಇದು ದೂರದ ದೇಶದ ಕಥೆ. ಆದರೆ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಪೆಟ್ಟಿಗೆ ಇಟ್ಟುಕೊಂಡವರೆಲ್ಲ ಓದಬೇಕಾದ ಕಥೆ.

ಮೊದಲು ಘಾನಾದ ಹಾಡಿನ ಬಗ್ಗೆ

ಅಟಾ ಕಾಕ್ ಅವರ ಪೂರ್ತಿ ಹೆಸರು ಯಾವ್ ಅಟ್ಟಾ-ಒವುಸು. ಘಾನಾದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿ ಇದೆ. ‘ಯಾವ್’ ಎಂದರೆ ಗುರುವಾರ ಹುಟ್ಟಿದ ಗಂಡು. ‘ಅಟ್ಟಾ’ ಎಂಬುದು ಅವಳಿ ಮಕ್ಕಳಿಗೆ ಇಡುವ ಹೆಸರು. ಅವರ ಊರು ಕುಮಾಸಿ. ಘಾನಾದ ಎರಡನೇ ದೊಡ್ಡ ನಗರ, ಹಳೆಯ ಅಶಾಂತಿ ರಾಜ್ಯದ ರಾಜಧಾನಿ.

ಆ ದೇಶದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಬೆಳೆದು ಬಂದ ಒಂದು ಜನಪ್ರಿಯ ಸಂಗೀತ ಇದೆ. ಅದಕ್ಕೆ ‘ಹೈಲೈಫ್’ ಎನ್ನುತ್ತಾರೆ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಲೈಬೀರಿಯಾ ಕಡೆಯ ಕ್ರೂ ಜನಾಂಗದ ನಾವಿಕರು ಗಿಟಾರ್ ನುಡಿಸುವ ಒಂದು ಶೈಲಿ ಕಂಡುಕೊಂಡಿದ್ದರು. ಅದು ಬಂದರಿನಿಂದ ಬಂದರಿಗೆ ಹಬ್ಬಿತು. ಬ್ರಿಟಿಷ್ ಸೈನ್ಯದ ಬ್ಯಾಂಡ್ ವಾದ್ಯ ಒಂದು ಕಡೆಯಿಂದ ಬಂತು, ಊರಿನ ತಮಟೆ ತಾಳ ಇನ್ನೊಂದು ಕಡೆಯಿಂದ. ಎಲ್ಲ ಸೇರಿ ಹೊಸದೊಂದು ಹುಟ್ಟಿತು. 1928ರಲ್ಲಿ ಕುಮಾಸಿ ಟ್ರಿಯೊ ಎಂಬ ತಂಡ ಲಂಡನ್‌ಗೆ ಹೋಗಿ ‘ಯಾ ಅಂಪೊನ್ಸಾ’ ಎಂಬ ಹಾಡನ್ನು ರೆಕಾರ್ಡ್ ಮಾಡಿತು. ಅದರ ಮಟ್ಟು ಇವತ್ತಿಗೂ ಹೈಲೈಫ್ ಹಾಡುಗಳ ಅಡಿಪಾಯ.

ಹೈಲೈಫ್ ಎಂಬ ಹೆಸರು ಬಂದದ್ದಕ್ಕೂ ಒಂದು ಕಾರಣ ಹೇಳುತ್ತಾರೆ. ಸಾಹೇಬರು, ಸಿರಿವಂತರು ಸೂಟು ಬೂಟು ಹಾಕಿಕೊಂಡು, ಟಿಕೆಟ್ ಕೊಂಡು ಕ್ಲಬ್ ಒಳಗೆ ಕುಣಿಯುತ್ತಿದ್ದರು. ಒಳಗೆ ಹೋಗಲು ದುಡ್ಡಿಲ್ಲದ ಜನ ಹೊರಗೆ ನಿಂತು ಇಣುಕಿ ನೋಡಿ, ‘ಅದು ಮೇಲಿನವರ ಬಾಳು’ ಎಂದರಂತೆ. ಹೊರಗೆ ನಿಂತವರು ಇಟ್ಟ ಹೆಸರೇ ಕೊನೆಗೆ ಉಳಿಯಿತು.

1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಮೊದಲ ನಾಯಕ ಕ್ವಾಮೆ ಎನ್‌ಕ್ರುಮಾ ಹೈಲೈಫ್ ಅನ್ನು ದೇಶದ ಹೆಮ್ಮೆ ಎಂದು ಬೆಳೆಸಿದರು. ಇ.ಟಿ. ಮೆನ್ಸಾ ಅವರ ಟೆಂಪೋಸ್ ಬ್ಯಾಂಡ್ ಪಶ್ಚಿಮ ಆಫ್ರಿಕಾದ ತುಂಬ ಮೆರೆಯಿತು. ಊರೂರಿಗೆ ಹೋಗಿ ರಾತ್ರಿಯಿಡೀ ನಾಟಕ, ಹಾಡು, ಹಾಸ್ಯ ಎಲ್ಲ ಸೇರಿಸಿ ಆಟ ಆಡುವ ತಂಡಗಳೂ ಇದ್ದವು. ನಮ್ಮ ಕಂಪನಿ ನಾಟಕ ನೋಡಿದವರಿಗೆ ಅದು ಹೇಗಿರುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಬ್ಯಾಂಡ್ ಸತ್ತಿತು, ಮಷಿನ್ ಬಂತು

1981ರ ಡಿಸೆಂಬರ್ 31ರಂದು ಜೆರ್ರಿ ರಾಲಿಂಗ್ಸ್ ಎಂಬ ಸೇನಾಧಿಕಾರಿ ಘಾನಾದ ಅಧಿಕಾರ ಹಿಡಿದರು. ರಾತ್ರಿ ಕರ್ಫ್ಯೂ ಬಂತು. ಅದು ಮುಗಿಯಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಹೈಲೈಫ್ ಎಂದರೆ ರಾತ್ರಿಯ ಸಂಗೀತ. ಸಂಜೆಯ ಮೇಲೆ ಹೊರಗೆ ಬರುವಂತಿಲ್ಲ ಎಂದ ಮೇಲೆ ಕ್ಲಬ್ ಯಾಕೆ, ಬ್ಯಾಂಡ್ ಯಾಕೆ? ಒಂದೊಂದಾಗಿ ತಂಡಗಳು ಮುಚ್ಚಿದವು. ಹೊರದೇಶದಿಂದ ತರಿಸುವ ವಾದ್ಯಗಳ ಮೇಲೆ ಭಾರೀ ಸುಂಕ ಬಿತ್ತು. ಹೊಸ ಗಿಟಾರ್, ಹೊಸ ಸ್ಯಾಕ್ಸೊಫೋನ್ ಕೊಳ್ಳುವುದು ಸಾಮಾನ್ಯ ವಾದಕನಿಗೆ ಕನಸಾಯಿತು.

1983 ಇನ್ನೂ ಕೆಟ್ಟ ವರ್ಷ. ಮಳೆ ಬರಲಿಲ್ಲ, ಕಾಡಿಗೆ ಬೆಂಕಿ ಬಿತ್ತು, ಊಟಕ್ಕೆ ತತ್ವಾರವಾಯಿತು. ಅದೇ ವರ್ಷ ನೈಜೀರಿಯಾ ಸರ್ಕಾರ ತನ್ನಲ್ಲಿದ್ದ ಪರದೇಶದ ಕಾರ್ಮಿಕರನ್ನು ಹೊರಹಾಕಿತು. ಲಕ್ಷ ಲಕ್ಷ ಘಾನಾದವರು ಕೈಗೆ ಸಿಕ್ಕ ಚೀಲದಲ್ಲಿ ಬಟ್ಟೆಬರೆ ತುಂಬಿಕೊಂಡು ವಾಪಸ್ ಬಂದರು. ಕೆಂಪು ನೀಲಿ ಚೌಕಳಿಯ ಪ್ಲಾಸ್ಟಿಕ್ ಚೀಲ ನೀವೂ ನೋಡಿರುತ್ತೀರಿ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಗುಳೆ ಹೊರಟವರ ತಲೆಯ ಮೇಲೆ ಅಂಥದ್ದೇ ಚೀಲ ಇರುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ ಅದನ್ನು ‘ಘಾನಾ ಮಸ್ಟ್ ಗೋ’, ಅಂದರೆ ‘ಘಾನಾದವರು ತೊಲಗಬೇಕು’ ಎಂದೇ ಕರೆಯುತ್ತಾರೆ.

ಸಂಗೀತಗಾರರೂ ಗುಳೆ ಹೋದರು. ಬಹಳ ಜನ ಜರ್ಮನಿಗೆ ಹೋದರು. ಅಲ್ಲಿ ಕೂಲಿನಾಲಿ ಮಾಡುತ್ತ, ರಜೆಯ ದಿನ ಹಾಡುತ್ತ, ಹೈಲೈಫ್ ಮಟ್ಟಿಗೆ ಡಿಸ್ಕೊ ತಾಳ, ಸಿಂಥಸೈಜರ್, ಡ್ರಮ್ ಮಷಿನ್ ಸೇರಿಸಿದರು. ಇದಕ್ಕೆ ‘ಬರ್ಗರ್ ಹೈಲೈಫ್’ ಎಂದು ಹೆಸರಾಯಿತು. ತಿನ್ನುವ ಬರ್ಗರ್ ಅಲ್ಲ. ಹ್ಯಾಂಬರ್ಗ್ ನಗರಕ್ಕೆ ಹೋಗಿ ದುಡಿದು ಬಂದವರಿಗೆ ಊರಿನವರು ಇಟ್ಟ ಅಡ್ಡಹೆಸರು. ದುಬೈಗೆ ಹೋಗಿ ಬಂದವರನ್ನು ನಾವು ದುಬೈ ಎಂದೇ ಕರೆಯುವಂತೆ. 1983ರಲ್ಲಿ ಜರ್ಮನಿಯಿಂದ ಬಂದ ಜಾರ್ಜ್ ಡಾರ್ಕೊ ಅವರ ‘ಅಕೂ ತೆ ಬ್ರೊಫೊ’ ಹಾಡು ಈ ದಾರಿ ತೆರೆಯಿತು.

ಅಟಾ ಕಾಕ್ ಕೂಡ ಇದೇ ದಾರಿಯಲ್ಲಿ ಹೊರಟವರು. 1980ರ ದಶಕದ ನಡುವೆ ಜರ್ಮನಿಗೆ ಹೋದರು. ಅಲ್ಲೊಂದು ಬ್ಯಾಂಡಿನಲ್ಲಿ ಡ್ರಮ್ ನುಡಿಸಿದರು. ಆಮೇಲೆ ಕೆನಡಾದ ಟೊರಾಂಟೊ ನಗರಕ್ಕೆ ಹೋಗಿ, ಅಲ್ಲಿದ್ದ ಘಾನಾದವರ ಹೈಲೈಫ್ ಬ್ಯಾಂಡ್ ಸೇರಿದರು.

ಒಬ್ಬನೇ ಬ್ಯಾಂಡ್ ಆಗುವುದು ಹೇಗೆ?

ಒಂದು ಬ್ಯಾಂಡ್ ಎಂದರೆ ಎಂಟು ಹತ್ತು ಜನ. ಅವರಿಗೆ ಊಟ, ದಿನಗೂಲಿ, ಪ್ರಾಕ್ಟೀಸ್ ಮಾಡಲು ಜಾಗ ಬೇಕು. ಸ್ಟುಡಿಯೊ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ವಲಸೆ ಹೋದ ಕಾರ್ಮಿಕನಿಗೆ ಇದೆಲ್ಲ ಎಲ್ಲಿ ಸಾಧ್ಯ?

1980ರ ದಶಕದಲ್ಲಿ ಇದು ಬದಲಾಯಿತು. 1983ರಲ್ಲಿ ‘ಮಿಡಿ’ ಎಂಬ ವ್ಯವಸ್ಥೆ ಬಂತು. ಬೇರೆ ಬೇರೆ ಕಂಪನಿಯ ಕೀಬೋರ್ಡ್, ಡ್ರಮ್ ಮಷಿನ್, ಕಂಪ್ಯೂಟರ್ ಒಂದೇ ವೈರಿನಲ್ಲಿ ಪರಸ್ಪರ ಮಾತಾಡಿಕೊಳ್ಳಲು ಮಾಡಿಕೊಂಡ ಒಪ್ಪಂದ ಅದು. 1985ರಲ್ಲಿ ಬಂದ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ವೈರ್ ಚುಚ್ಚುವ ಜಾಗ ಮೊದಲೇ ಇತ್ತು. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಮನೆಯ ಮೂಲೆಯೇ ಸ್ಟುಡಿಯೊ ಆಯಿತು. ತಾಳ ಒಂದು ಸಲ ಕೂಡಿಸಿದರೆ ಮಷಿನ್ ತಪ್ಪದೆ ಬಾರಿಸುತ್ತದೆ. ಅದರ ಮೇಲೆ ಬೇಸ್, ಅದರ ಮೇಲೆ ಕೀಬೋರ್ಡ್, ಕೊನೆಗೆ ದನಿ. ಗೋಡೆ ಕಟ್ಟುವಾಗ ವರಸೆ ವರಸೆ ಕಲ್ಲು ಇಟ್ಟ ಹಾಗೆ.

ಕಂಪನಿಯ ಹಂಗಿಲ್ಲದೆ ಹೀಗೆ ಸ್ವಂತ ಬಲದಲ್ಲಿ ಮಾಡಿದ್ದನ್ನು ‘ಇಂಡೀ’ ಎನ್ನುತ್ತಾರೆ. ಯಂತ್ರದ ದನಿ, ಯಂತ್ರದ ತಾಳದ ಮೇಲೆ ಕಟ್ಟಿದ ಜನಪ್ರಿಯ ಹಾಡು ‘ಎಲೆಕ್ಟ್ರೋ-ಪಾಪ್’. ಇಂಗ್ಲಿಷ್ ಹೆಸರು ನೋಡಿ ಹೆದರಬೇಕಿಲ್ಲ. ಇವತ್ತು ನಮ್ಮ ಹಳ್ಳಿಯ ಹುಡುಗರು ಕೀಬೋರ್ಡ್ ರಿದಮ್ ಹಾಕಿಕೊಂಡು ಜನಪದ ಧಾಟಿಯ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕುತ್ತಾರಲ್ಲ, ಅದೂ ಇದೇ ಜಾತಿಯದ್ದು.

ಅಟಾ ಕಾಕ್ ಟೊರಾಂಟೊದ ಮನೆಯಲ್ಲಿ ಹೀಗೆ ಏಳು ಹಾಡು ಕಟ್ಟಿದರು. ‘ಒಬಾ ಸಿಮಾ’ ಎಂದರೆ ಎಲ್ಲ ಗುಣವೂ ಕೂಡಿ ಬಂದ ಹೆಣ್ಣು ಎಂಬ ಅರ್ಥ. ನಾನು ಇದನ್ನು ಮೊದಲ ಸಲ ಕೇಳಿದ್ದು ಎರಡು ವರ್ಷದ ಹಿಂದೆ, ಮೊಬೈಲಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಅಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಹೇಗಿದೆ ಎಂದರೆ, ತಾಳ ಓಡುತ್ತದೆ. ಓಡುವ ತಾಳಕ್ಕಿಂತ ಒಂದು ಹೆಜ್ಜೆ ಮುಂದೆ ಅಟಾ ಕಾಕ್ ಅವರ ಮಾತು ಓಡುತ್ತದೆ. ಟ್ವಿ ಭಾಷೆಯಲ್ಲಿ ರ‍್ಯಾಪ್. ಉಸಿರು ತೆಗೆದುಕೊಳ್ಳುವುದೇ ಗೊತ್ತಾಗುವುದಿಲ್ಲ. ಮಾತು ಮುಗಿಯುವಷ್ಟರಲ್ಲಿ ಅರ್ಥವಿಲ್ಲದ ನಾದಕ್ಕೆ ಜಾರುತ್ತಾರೆ, ನಮ್ಮವರು ತಂದನಾನ ಎಂದು ಎಳೆಯುವ ಹಾಗೆ. ಹಿಂದಿನಿಂದ ಒಂದು ಹೆಣ್ಣು ದನಿ ಸೊಲ್ಲು ಹಿಡಿಯುತ್ತದೆ. ಕೀಬೋರ್ಡಿನ ದನಿ ಅಗ್ಗದ್ದು ಎಂದು ಕೇಳಿದರೇ ತಿಳಿಯುತ್ತದೆ. ಹಳೆಯ ಕ್ಯಾಸೆಟ್ಟಿನ ಸರಸರ ಶಬ್ದವೂ ಇದೆ. ಆದರೂ ಬೇಜಾರಾಗುವುದಿಲ್ಲ. ಹಾಡುವವರಿಗೆ ಎಷ್ಟು ಖುಷಿ ಆಗಿದೆ ಎಂಬುದು ಆ ಶಬ್ದದ ಒಳಗಿಂದಲೂ ದಾಟಿ ಬರುತ್ತದೆ. ‘ದಾ ನ್ಯಿನಾ’ ಎಂಬ ಹಾಡು ಒಂದು ಸಲ ಕೇಳಿ. ಕಾಲು ಸುಮ್ಮನಿದ್ದರೆ ಹೇಳಿ.

ಕಾಲಕ್ಕಿಂತ ಸ್ವಲ್ಪ ಮೊದಲು

ಅಂಥ ಆಲ್ಬಂ ಯಾಕೆ ಸೋತಿತು?

ಒಂದು ಕಾರಣ ಸರಳ. 50 ಕ್ಯಾಸೆಟ್ಟಿನಿಂದ ಒಂದು ತಾಲ್ಲೂಕು ಮುಟ್ಟುವುದೂ ಕಷ್ಟ, ಇನ್ನು ದೇಶ ಎಲ್ಲಿ. ಇನ್ನೊಂದು ಕಾರಣ ಕಾಲದ್ದು. ಹಾಡಿದವರು ಕೆನಡಾದಲ್ಲಿ, ಕೇಳಬೇಕಾದವರು ಘಾನಾದಲ್ಲಿ. ವೇದಿಕೆ ಹತ್ತಿ ಹಾಡಿ ತೋರಿಸಲು ತಂಡ ಇಲ್ಲ. ಟ್ವಿ ಭಾಷೆಯಲ್ಲಿ ರ‍್ಯಾಪ್ ಎಂಬುದು 1994ರಲ್ಲಿ ಘಾನಾದ ಕಿವಿಗೆ ಇನ್ನೂ ಹೊಸದು.

ವಿಚಿತ್ರ ನೋಡಿ. ಅದೇ 1994ರಲ್ಲಿ ರೆಜ್ಜಿ ರಾಕ್‌ಸ್ಟೋನ್ ಎಂಬ ಯುವಕ ಲಂಡನ್ನಿನಿಂದ ಘಾನಾಕ್ಕೆ ಮರಳಿದರು. ಅವರೂ ಟ್ವಿ ಭಾಷೆಯಲ್ಲಿ ರ‍್ಯಾಪ್ ಶುರು ಮಾಡಿದರು. 1997ರಲ್ಲಿ ಅವರ ‘ಮಕಾ ಮಕಾ’ ಆಲ್ಬಂ ಬಂತು. ಹಿಪ್‌ಹಾಪ್ ಮತ್ತು ಹೈಲೈಫ್ ಸೇರಿ ‘ಹಿಪ್‌ಲೈಫ್’ ಎಂಬ ಹೊಸ ಅಲೆಯೇ ಎದ್ದಿತು. ರೇಡಿಯೊ, ಮದುವೆ ಮನೆ, ಟ್ಯಾಕ್ಸಿ ಎಲ್ಲೆಲ್ಲೂ ಅದೇ. ಅಟಾ ಕಾಕ್ ಆ ಅಲೆ ಬರುವ ಮುಂಚೆಯೇ ದಡದಲ್ಲಿ ನಿಂತಿದ್ದರು. ಅಲೆ ಬಂದಾಗ ಅವರ ಕ್ಯಾಸೆಟ್ ಯಾರಿಗೂ ನೆನಪಿರಲಿಲ್ಲ.

ಬೀದಿ ಅಂಗಡಿಯಲ್ಲಿ ಒಂದು ಪ್ರತಿ

ಘಾನಾದ ದಕ್ಷಿಣದ ಕಡಲ ತೀರದಲ್ಲಿ ಕೇಪ್ ಕೋಸ್ಟ್ ಎಂಬ ಊರಿದೆ. ಗುಲಾಮರನ್ನು ಹಡಗಿಗೆ ತುಂಬುತ್ತಿದ್ದ ಹಳೆಯ ಕೋಟೆ ಅಲ್ಲಿ ಇನ್ನೂ ನಿಂತಿದೆ. 2002ರಲ್ಲಿ ಬ್ರಯನ್ ಶಿಮ್ಕೊವಿಟ್ಜ್ ಎಂಬ ಅಮೆರಿಕದ ವಿದ್ಯಾರ್ಥಿ ಆ ಊರಿನ ರಸ್ತೆ ಬದಿಯ ಅಂಗಡಿಯಲ್ಲಿ ಕ್ಯಾಸೆಟ್ ಕೊಳ್ಳುತ್ತಿದ್ದ. ಅವನ್ನೆಲ್ಲ ಊರಿಗೆ ಒಯ್ದ. ಅದರಲ್ಲಿ ‘ಒಬಾ ಸಿಮಾ’ ಒಂದು.

2006ರಲ್ಲಿ ಅವನು ‘ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ’ ಎಂಬ ಬ್ಲಾಗ್ ಶುರು ಮಾಡಿದ. ಆಫ್ರಿಕಾದ ಬೀದಿಗಳಲ್ಲಿ ಸಿಕ್ಕ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಯಾರು ಬೇಕಾದರೂ ಕೇಳಲಿ ಎಂದು ಹಾಕುವುದು ಅದರ ಕೆಲಸ. ಅದರಲ್ಲಿ ಹಾಕಿದ ಮೊಟ್ಟಮೊದಲ ಕ್ಯಾಸೆಟ್ ‘ಒಬಾ ಸಿಮಾ’.

ಅಲ್ಲಿಂದ ಹಾಡು ಕೈ ತಪ್ಪಿ ಓಡಿತು. ಒಬ್ಬರಿಂದ ಒಬ್ಬರಿಗೆ, ಡಿಜೆಗಳಿಂದ ಕ್ಲಬ್‌ಗಳಿಗೆ. ಎಲ್ಲರೂ ಕೇಳುವವರೇ, ಆದರೆ ಹಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕ್ಯಾಸೆಟ್ ಕವರಿನ ಮೇಲೆ ಇದ್ದಷ್ಟೇ ಮಾಹಿತಿ.

ಈಗ ಒಂದು ಪ್ರಶ್ನೆ ಏಳುತ್ತದೆ. ಹಾಡಿದವರನ್ನು ಕೇಳದೆ ಅವರ ಹಾಡನ್ನು ಜಗತ್ತಿಗೆ ಹಂಚುವುದು ಸರಿಯೇ? ಹಂಚದಿದ್ದರೆ ಅದು ಬೀದಿ ಅಂಗಡಿಯ ಧೂಳಿನಲ್ಲೇ ಮುಗಿಯುತ್ತಿತ್ತು. ಹಂಚಿದ್ದರಿಂದ ಸಾವಿರಾರು ಜನ ಕುಣಿದರು, ಹಾಡಿದವರಿಗೆ ಒಂದು ಕಾಸೂ ಹೋಗಲಿಲ್ಲ. ಎರಡೂ ನಿಜ. ಆಫ್ರಿಕಾದ ಹಾಡನ್ನು ಬಿಳಿಯರ ದೇಶದವರು ಎತ್ತಿಕೊಂಡು ಹೋಗಿ ಹೆಸರು ಮಾಡುವ ಹಳೆಯ ಚಾಳಿಯೂ ಇದೆ. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಅದು.

ಶಿಮ್ಕೊವಿಟ್ಜ್ ಆಮೇಲೆ ಮಾಡಿದ ಕೆಲಸ ಮುಖ್ಯ. ಅವನು ಬ್ಲಾಗಿನ ಹೆಸರಿನಲ್ಲೇ ಒಂದು ಸಣ್ಣ ಕಂಪನಿ ತೆರೆದ. ಹಳೆಯ ಕ್ಯಾಸೆಟ್ಟಿನ ಕಲಾವಿದರನ್ನು ಹುಡುಕಿ, ಒಪ್ಪಂದ ಮಾಡಿಕೊಂಡು, ಲಾಭದಲ್ಲಿ ಅರ್ಧ ಅವರಿಗೆ ಕೊಡುವುದು ಕಂಪನಿಯ ನಿಯಮ. ಅಟಾ ಕಾಕ್ ಅವರನ್ನು ವರ್ಷಗಟ್ಟಲೆ ಹುಡುಕಿದ. ಟೊರಾಂಟೊದಲ್ಲಿ ಹಾಡು ಕಟ್ಟಿದ್ದ ಅವರು ಅಷ್ಟರಲ್ಲಿ ಘಾನಾಕ್ಕೆ ಮರಳಿದ್ದರು. ಕೊನೆಗೂ ಸಿಕ್ಕರು. ಇಷ್ಟು ವರ್ಷ ತಮ್ಮ ಹಾಡು ಜಗತ್ತಿನಲ್ಲಿ ಓಡಾಡುತ್ತಿತ್ತು ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಇನ್ನೊಂದು ಸಂಗತಿ ಕೇಳಿ. ಆಲ್ಬಮಿನ ಮೂಲ ರೆಕಾರ್ಡಿಂಗ್ ಇದ್ದದ್ದು ಡಿಎಟಿ ಎಂಬ ಡಿಜಿಟಲ್ ಟೇಪಿನಲ್ಲಿ. ಆ ಟೇಪ್ ಹಾಳಾಗಿ ಹೋಗಿತ್ತು. ಹಾಗಾಗಿ 2015ರ ಹೊಸ ಆವೃತ್ತಿಯನ್ನು ತಯಾರಿಸಿದ್ದು ಕೇಪ್ ಕೋಸ್ಟ್ ಬೀದಿಯಲ್ಲಿ ಕೊಂಡ ಅದೇ ಕ್ಯಾಸೆಟ್ಟಿನಿಂದ. ಹಾಡು ಕಟ್ಟಿದವರ ಬಳಿಯೇ ಕೆಡದೆ ಉಳಿಯದ ಹಾಡು ಗುರುತು ಪರಿಚಯವಿಲ್ಲದ ಗಿರಾಕಿಯ ಪೆಟ್ಟಿಗೆಯಲ್ಲಿ ಉಳಿದಿತ್ತು.

ಇದೇ ಬಗೆಯ ಇನ್ನಿಬ್ಬರು

ಅಟಾ ಕಾಕ್ ಒಬ್ಬರದ್ದೇ ಕಥೆ ಅಲ್ಲ ಇದು. ಇನ್ನಿಬ್ಬರನ್ನು ನೋಡಿ, ಕಥೆ ಎಷ್ಟು ಬಗೆಯಲ್ಲಿ ಮುಗಿಯಬಹುದು ಎಂದು ತಿಳಿಯುತ್ತದೆ.

ಒಬ್ಬರು ನಮ್ಮ ದೇಶದವರೇ. ಮುಂಬೈನ ಚರಣ್‌ಜಿತ್ ಸಿಂಗ್. ಆರ್.ಡಿ. ಬರ್ಮನ್ ಮುಂತಾದವರ ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಕಲಾವಿದ. ಪರದೆಯ ಮೇಲೆ ಹೆಸರು ಬಾರದ ನೂರಾರು ಜನರಲ್ಲಿ ಒಬ್ಬರು. ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಹೊಸ ಯಂತ್ರ ಅವರ ಕೈಗೆ ಬಂತು. ಒಂದು ಜ್ಯುಪಿಟರ್-8 ಕೀಬೋರ್ಡ್, ಒಂದು ಟಿಆರ್-808 ಡ್ರಮ್ ಮಷಿನ್, ಒಂದು ಟಿಬಿ-303 ಬೇಸ್ ಮಷಿನ್. ಈ ಮೂರನ್ನು ಇಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಭೈರವ್, ಲಲಿತ್, ತೋಡಿ, ಯಮನ್, ಮಾಲಕೌಂಸ್ ಎಲ್ಲ ಅದರಲ್ಲಿವೆ. 303 ಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ಹಿಂದೂಸ್ತಾನಿ ಸಂಗೀತದ ಮೀಂಡಿಗೆ ಅದು ಹತ್ತಿರ.

ಆ ರೆಕಾರ್ಡ್ ಬಂದದ್ದು ದೊಡ್ಡ ಕಂಪನಿಯಿಂದಲೇ. ಆದರೂ ಹೆಚ್ಚು ಜನ ಕೊಳ್ಳಲಿಲ್ಲ. 2002ರಲ್ಲಿ ನೆದರ್ಲೆಂಡ್ಸ್‌ನ ಎಡೊ ಬೌಮನ್ ಎಂಬುವರಿಗೆ ಭಾರತದಲ್ಲಿ ಹಳೆಯ ರೆಕಾರ್ಡ್ ಹುಡುಕುವಾಗ ಅದು ಸಿಕ್ಕಿತು. 2010ರಲ್ಲಿ ಮರುಬಿಡುಗಡೆ ಮಾಡಿದರು. ಕೇಳಿದವರು ಬೆರಗಾದರು. ಯಾಕೆಂದರೆ ಅದೇ 303 ಯಂತ್ರದ ದನಿಯಿಂದ ಅಮೆರಿಕದ ಶಿಕಾಗೊದಲ್ಲಿ ‘ಆಸಿಡ್ ಹೌಸ್’ ಎಂಬ ಹೊಸ ಸಂಗೀತ ಹುಟ್ಟಿತು ಎಂದು ಇತಿಹಾಸ ಹೇಳುತ್ತದೆ. ಅದರ ಹೆಸರಾಂತ ಹಾಡು ‘ಆಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ. ಅದಕ್ಕೆ ಐದು ವರ್ಷ ಮುಂಚೆಯೇ ಮುಂಬೈಯಲ್ಲಿ ಒಬ್ಬರು ಅಂಥದ್ದೇ ದನಿ ಹೊರಡಿಸಿದ್ದರು. ಅದನ್ನು ನೋಡಿ ಇವರು ಕಲಿತರು ಎಂದಲ್ಲ. ಒಂದೇ ಯಂತ್ರ ಎರಡು ಊರಿನಲ್ಲಿ ಎರಡು ದಾರಿಯಿಂದ ಒಂದೇ ಕಡೆ ಕರೆದೊಯ್ದಿತು. ಚರಣ್‌ಜಿತ್ ಸಿಂಗ್ ಎಪ್ಪತ್ತು ದಾಟಿದ ಮೇಲೆ ಯುರೋಪಿಗೆ ಹೋಗಿ ಆ ರಾಗಗಳನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು.

ಇನ್ನೊಬ್ಬರು ನೈಜೀರಿಯಾದ ಎನುಗು ನಗರದ ವಿಲಿಯಂ ಒನ್ಯೆಬೋರ್. 1970ರ ದಶಕದ ಕೊನೆಯಿಂದ 1985ರವರೆಗೆ ಸ್ವಂತ ಕಂಪನಿ ಮಾಡಿಕೊಂಡು ಒಂದರ ಹಿಂದೊಂದು ಸಿಂಥಸೈಜರ್ ಆಲ್ಬಂ ತಂದರು. ಆಮೇಲೆ ದೇವರ ದಾರಿ ಹಿಡಿದು ಹಾಡಿನ ಮಾತನ್ನೇ ಬಿಟ್ಟರು. 2013ರಲ್ಲಿ ಲುವಾಕಾ ಬಾಪ್ ಎಂಬ ಅಮೆರಿಕದ ಕಂಪನಿ ಅವರ ಹಾಡುಗಳ ಸಂಗ್ರಹ ತಂದಿತು. ಜಗತ್ತೆಲ್ಲ ಇವರು ಯಾರು ಎಂದು ಕೇಳಿತು. ಅವರು ಹಳೆಯ ಹಾಡುಗಳ ಬಗ್ಗೆ ಬಾಯಿ ಬಿಡಲು ಒಪ್ಪಲಿಲ್ಲ. 2017ರಲ್ಲಿ ತೀರಿಕೊಂಡರು.

ಮೂವರಲ್ಲಿ ಒಬ್ಬರು ಖುಷಿಯಿಂದ ಮತ್ತೆ ವೇದಿಕೆ ಹತ್ತಿದರು. ಒಬ್ಬರಿಗೆ ಮಾನ್ಯತೆ ಬಂದದ್ದು ಬದುಕಿನ ಕೊನೆಯ ಕೆಲವೇ ವರ್ಷ. ಇನ್ನೊಬ್ಬರಿಗೆ ಆ ಮಾತೇ ಬೇಕಿರಲಿಲ್ಲ. ಹಳೆಯದನ್ನು ಹುಡುಕಿ ತೆಗೆಯುವವರು ಇದನ್ನು ನೆನಪಿಡಬೇಕು. ಸಿಕ್ಕಿದ್ದು ನಮಗೆ ನಿಧಿ ಇರಬಹುದು, ಅದನ್ನು ಹೂತಿಟ್ಟವರಿಗೆ ಅವರದೇ ಕಾರಣ ಇರಬಹುದು. ಹಾಗಾಗಿ ಮೊದಲು ಕೇಳಬೇಕು.

ನಮ್ಮ ಅಟ್ಟದ ಮೇಲಿನ ಪೆಟ್ಟಿಗೆ

ಕ್ಯಾಸೆಟ್ ಅನ್ನು ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿ 1963ರಲ್ಲಿ ತಂದಿತು. ಅಗ್ಗ, ಸಣ್ಣದು, ಯಾರು ಬೇಕಾದರೂ ಮನೆಯಲ್ಲೇ ಪ್ರತಿ ಮಾಡಬಹುದು. ಘಾನಾದಲ್ಲಿ ಆದದ್ದೇ ನಮ್ಮಲ್ಲೂ ಆಯಿತು. ಕೆ.ಎಸ್. ನಿಸಾರ್ ಅಹಮದ್ ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಯಿತು. ಆಮೇಲೆ ಜನಪದ, ತತ್ವಪದ, ಗೀಗೀ ಪದ, ಹರಿಕಥೆ, ಯಕ್ಷಗಾನ ಎಲ್ಲ ಕ್ಯಾಸೆಟ್ಟಿಗೆ ಬಂದವು. ದೊಡ್ಡ ಕಂಪನಿಯದ್ದು ಒಂದು ಕಡೆ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಾರುತ್ತಿದ್ದ ಊರಿನ ಹಾಡುಗಾರರ ಕ್ಯಾಸೆಟ್ ಇನ್ನೊಂದು ಕಡೆ. ಎಷ್ಟೋ ಮನೆಯಲ್ಲಿ ಟೇಪ್ ರೆಕಾರ್ಡರ್ ಮುಂದಿಟ್ಟು ಅಜ್ಜಿಯ ಸೋಬಾನೆ ಹಿಡಿದ ಕ್ಯಾಸೆಟ್ಟೂ ಇದೆ.

ವರದಿಗೆಂದು ಊರೂರು ತಿರುಗುವಾಗ ನಾನು ಇಂಥ ಪೆಟ್ಟಿಗೆ ಬಹಳ ನೋಡಿದ್ದೇನೆ. ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಕೇಳೋಕೆ ಮಷಿನ್ನೇ ಇಲ್ಲ, ಬಿಸಾಕ್ಬೇಕು.’ ದಯವಿಟ್ಟು ಬಿಸಾಕಬೇಡಿ. ಮಾಡಬಹುದಾದ ಕೆಲಸ ಇಷ್ಟು:

ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಅವನ್ನು ಮುರಿದು ಹಾಕಿ. ಆಮೇಲೆ ಗೊತ್ತಿಲ್ಲದೆ ಅದರ ಮೇಲೆ ಬೇರೆಯದನ್ನು ರೆಕಾರ್ಡ್ ಮಾಡಲು ಆಗುವುದಿಲ್ಲ.

ಬಿಸಿಲು, ತೇವ, ಸ್ಪೀಕರಿನ ಅಯಸ್ಕಾಂತದಿಂದ ದೂರ ಇಡಿ. ಬೂಷ್ಟು ಹಿಡಿದದ್ದನ್ನು ಹಾಗೇ ಮಷಿನ್ನಿಗೆ ಹಾಕಬೇಡಿ. ಟೇಪೂ ಕೆಡುತ್ತದೆ, ಮಷಿನ್ನೂ ಕೆಡುತ್ತದೆ.

ಇಳಿಸುವಾಗ ಸ್ಪೀಕರ್ ಮುಂದೆ ಮೊಬೈಲ್ ಹಿಡಿಯುವುದಕ್ಕಿಂತ, ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಹಾಕಿ ಇಳಿಸಿದರೆ ದನಿ ಸ್ವಚ್ಛ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ, ಹೆಸರು ಬರೆದಿಡಿ. ಹಾಡಿದವರು ಯಾರು, ಸೊಲ್ಲು ಹಿಡಿದವರು ಯಾರು, ಯಾವ ಊರು, ಯಾವ ವರ್ಷ. ಅಟಾ ಕಾಕ್ ಅವರನ್ನು ಹುಡುಕಲು ವರ್ಷಗಳೇ ಹಿಡಿದವು.

ನೆಟ್ಟಿಗೆ ಹಾಕುವ ಮುಂಚೆ ಹಾಡಿದವರನ್ನೋ ಅವರ ಮನೆಯವರನ್ನೋ ಕೇಳಿ. ನಮ್ಮ ದೇಶದ ಕಾನೂನಿನಲ್ಲಿ ಪ್ರಕಟವಾದ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು ಇರುತ್ತದೆ. ಹಾಡಿದ ಕಲಾವಿದರಿಗೂ ಪ್ರತ್ಯೇಕವಾಗಿ 50 ವರ್ಷದ ಹಕ್ಕು ಇದೆ. ಹಳೆಯದು, ಯಾರು ಕೇಳುತ್ತಾರೆ ಎಂದು ಯಾರೋ ಹಳ್ಳಿಯ ಹಾಡುಗಾರ್ತಿಯ ದನಿಯನ್ನು ಚಾನೆಲಿಗೆ ಹಾಕಿಕೊಂಡು, ಹೆಸರೂ ಹಾಕದೆ ಜಾಹೀರಾತಿನ ದುಡ್ಡು ಎಣಿಸುವುದು ಕಳ್ಳತನವೇ. ಅರ್ಧ ಪಾಲು ಕೊಡಬೇಕು ಎಂಬ ಆ ಸಣ್ಣ ಕಂಪನಿಯ ನಿಯಮ ನಮ್ಮ ಹುಡುಗರೂ ಅನುಸರಿಸಬಹುದಾದದ್ದು.

2025ರಲ್ಲಿ ಅಟಾ ಕಾಕ್ ‘ಬಟಕಾರಿ’ ಎಂಬ ಹೆಸರಿನಲ್ಲಿ ಹೊಸ ಹಾಡು ತಂದರು. ಮೊದಲ ಕ್ಯಾಸೆಟ್ ಬಂದು ಮೂವತ್ತು ವರ್ಷ ದಾಟಿದ ಮೇಲೆ. ಈ ಸಲ ಹಾಡಿದವರ ಹೆಸರು ಎಲ್ಲರಿಗೂ ಗೊತ್ತಿತ್ತು.